ಪಿಕಪ್ ಹಿಂದೆ ಇಬ್ಬರೂ ಮಲಗಬೇಕು, ಸಾಮಾನೂ ಹಿಡಿಯಬೇಕು: ಹೇಗೆ?

ಪ್ರಶ್ನೆ: ನಮ್ಮದು ನಾಲ್ಕು ಬಾಗಿಲಿನ ಪಿಕಪ್. ಹಿಂದಿನ ಬಾಡಿ ಒಂದೂವರೆ ಮೀಟರ್ ಉದ್ದವಿದೆ. ಕ್ಯಾಬಿನ್ನಿನ ಎತ್ತರಕ್ಕೇ ಫೈಬರ್ ಕ್ಯಾನೊಪಿ (ಬಾಡಿಯನ್ನು ಮುಚ್ಚುವ ಗಟ್ಟಿ ಮೇಲ್ಹೊದಿಕೆ) ಹಾಕಿಸಿದ್ದೇವೆ. ಕ್ಯಾಂಪಿಂಗ್‌ಗೆ ಹೋದಾಗ ನಾನೂ ನನ್ನ ಹೆಂಡತಿಯೂ ಅದರಲ್ಲೇ ಮಲಗುವಂತೆ ಮಾಡಿಕೊಳ್ಳಬೇಕೆಂದಿದ್ದೇವೆ. ನನ್ನ ಎತ್ತರ 175 ಸೆಂ.ಮೀ., ಅವಳದು 160. ಈಗ ಪ್ರತಿ ಸಂಜೆ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಡೇರೆ ಹಾಕುತ್ತೇವೆ, ಬೆಳಿಗ್ಗೆ ಮತ್ತೆ ತುಂಬುತ್ತೇವೆ. ಬೇಕಾದ ವಸ್ತು ಯಾವಾಗಲೂ ಅಡಿಯಲ್ಲೇ ಇರುತ್ತದೆ. 45 ಸೆಂ.ಮೀ. ಎತ್ತರದ ಎರಡು ಡ್ರಾಯರ್ ಮಾಡಿಸಿ ಮೇಲೆ ಹಾಸಿಗೆ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅದು ಸರಿಯೇ? ಮೂಲೆಯಿಂದ ಮೂಲೆಗೆ ಮಲಗಿದರೆ ಉದ್ದ ಸಾಕಾಗುತ್ತದೆಯೇ?

ಉತ್ತರ: 45 ಸೆಂ.ಮೀ. ಬೇಡ. ಲೆಕ್ಕ ಹಾಕಿದರೆ ಕಾರಣ ತಾನಾಗಿಯೇ ಕಾಣುತ್ತದೆ. ಇಂಥ ಗಾಡಿಗಳಲ್ಲಿ ಬಾಡಿಯ ಗೋಡೆ ಸುಮಾರು 50 ಸೆಂ.ಮೀ. ಎತ್ತರವಿರುತ್ತದೆ. ಕ್ಯಾಬಿನ್ ಎತ್ತರದ ಕ್ಯಾನೊಪಿ ಅದಕ್ಕೆ ಇನ್ನು 45ರಿಂದ 50 ಸೇರಿಸುತ್ತದೆ. ಹಾಗಾಗಿ ಬಾಡಿಯ ನೆಲದಿಂದ ಚಾವಣಿಗೆ ಹೆಚ್ಚೆಂದರೆ ಒಂದು ಮೀಟರ್. ಅದರಲ್ಲಿ 45 ಡ್ರಾಯರಿಗೆ, 8 ಹಾಸಿಗೆಗೆ ಹೋದರೆ ನಿಮ್ಮ ಪಾಲಿಗೆ ಉಳಿಯುವುದು 45 ಚಿಲ್ಲರೆ. ವಯಸ್ಕರ ಭುಜದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಮಗ್ಗುಲು ಬದಲಿಸಿದಾಗಲೆಲ್ಲ ಭುಜ ಚಾವಣಿಗೆ ತಾಗುತ್ತದೆ, ಅಲ್ಲಿ ಕಟ್ಟಿಕೊಂಡಿರುವ ನೀರಹನಿ ಮುಖದ ಮೇಲೆ ಉದುರುತ್ತದೆ. ಮೊದಲ ರಾತ್ರಿ ಹೇಗೋ ಕಳೆಯುತ್ತದೆ. ಎರಡನೆಯ ರಾತ್ರಿ ನಿಮ್ಮಲ್ಲಿ ಒಬ್ಬರು ಮುಂದಿನ ಸೀಟಿಗೆ ಹೋಗಿ ಮಲಗುತ್ತೀರಿ.

ಹಾಸಿಗೆ ಹಾಕುವ ಹಲಗೆಯ ಮೇಲ್ಮೈ ಬಾಡಿಯ ನೆಲದಿಂದ 28 ಸೆಂ.ಮೀ.ಗೆ ನಿಲ್ಲಲಿ, 30 ದಾಟುವುದು ಬೇಡ. ಈ ಅಂಕಿಯನ್ನು ಗಾಳಿಯಲ್ಲಿ ಹಿಡಿದದ್ದಲ್ಲ. ಬಾಡಿಯೊಳಕ್ಕೆ ಎರಡೂ ಕಡೆ ಚಕ್ರದ ಉಬ್ಬುಗಳು ಚಾಚಿರುತ್ತವೆ. ಅವುಗಳ ನಡುವಿನ ಅಗಲ ಸುಮಾರು 110 ಸೆಂ.ಮೀ., ಅವುಗಳ ಮೇಲಕ್ಕೆ ಹೋದರೆ ಸುಮಾರು 140. ಇಬ್ಬರು ಮಲಗಲು 110 ಇಕ್ಕಟ್ಟು, 140 ಧಾರಾಳ. ಆದ್ದರಿಂದ ಹಲಗೆ ಉಬ್ಬನ್ನು ದಾಟುವಷ್ಟು ಎತ್ತರ ಬೇಕೇ ಬೇಕು, ಅದಕ್ಕಿಂತ ಹೆಚ್ಚಿನ ಎತ್ತರ ಮಾತ್ರ ನಿಮ್ಮ ಮೈಯಿಂದ ಕದ್ದದ್ದು. ಉಬ್ಬಿನ ಎತ್ತರ ಸಾಮಾನ್ಯವಾಗಿ 20ರಿಂದ 25 ಇರುತ್ತದೆ. ನಿಮ್ಮದನ್ನು ಅಳೆದು, ಅದಕ್ಕೆ ಮೂರು ಸೆಂ.ಮೀ. ಸೇರಿಸಿ ಅಲ್ಲಿಗೆ ನಿಲ್ಲಿಸಿ. ಆಗ ಹಾಸಿಗೆಯಿಂದ ಚಾವಣಿಗೆ 60ಕ್ಕೂ ಮಿಕ್ಕಿ ಸಿಗುತ್ತದೆ. ಹೊರಳಬಹುದು, ಮೊಣಕೈ ಊರಿ ಅರ್ಧ ಏಳಬಹುದು. ನೆಟ್ಟಗೆ ಕುಳಿತುಕೊಳ್ಳಲು ಮಾತ್ರ ಆಗುವುದಿಲ್ಲ. ಕುಳಿತವರ ತಲೆ ಆಸನದಿಂದ 85ರಿಂದ 95 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಹಲಗೆಯೇ ಇಲ್ಲದೆ ಬಾಡಿಯ ನೆಲಕ್ಕೆ ಹಾಸಿಗೆ ಹಾಕಿದರೂ ಈ ಕ್ಯಾನೊಪಿಯಲ್ಲಿ ಅದು ಕಷ್ಟವೇ. ಇಡೀ ದಿನ ಮಳೆ ಹಿಡಿದರೆ ಕುಳಿತುಕೊಳ್ಳುವ ಜಾಗ ಕ್ಯಾಬಿನ್ ಎಂದು ಈಗಲೇ ಒಪ್ಪಿಕೊಳ್ಳಿ.

ಮೂಲೆಯಿಂದ ಮೂಲೆಗೆ ಮಲಗುವ ಉಪಾಯವನ್ನು ಅನೇಕರು ಹೇಳುತ್ತಾರೆ. 150ಕ್ಕೆ 140ರ ಚೌಕದಲ್ಲಿ ಕರ್ಣ ಎರಡು ಮೀಟರಿಗೂ ಹೆಚ್ಚು ಬರುವುದು ನಿಜ. ಆದರೆ ಮನುಷ್ಯನ ಮೈ ನೂಲಿನ ಎಳೆಯಲ್ಲ, ಅದಕ್ಕೆ ಅಗಲವಿದೆ. ಅರ್ಧ ಮೀಟರ್ ಅಗಲದ ಹಾಸಿಗೆಯ ಪಟ್ಟಿಯನ್ನು ಆ ಚೌಕದಲ್ಲಿ ಓರೆಯಾಗಿ ಕೂರಿಸಲು ನೋಡಿ: ಅದರ ನಾಲ್ಕು ಮೂಲೆಗಳೂ ಒಳಗೇ ಉಳಿಯಬೇಕಾದರೆ ಉದ್ದ 156 ಸೆಂ.ಮೀ. ಕೂಡ ಸಿಗುವುದಿಲ್ಲ. ಕಾಲಿನ ಕಡೆ ಮೈ ಕಿರಿದಾಗುವುದರಿಂದ ಸ್ವಲ್ಪ ಲಾಭವಾದೀತು. ಒಬ್ಬರೇ ಹೋಗುವಾಗ, ಅದೂ ಸ್ವಲ್ಪ ಗಿಡ್ಡವಾಗಿದ್ದರೆ, ಅಡ್ಡಿಯಿಲ್ಲ. ಇಬ್ಬರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಕರ್ಣ ಒಬ್ಬರ ಪಾಲಿಗೆ ಹೋದರೆ ಇನ್ನೊಬ್ಬರಿಗೆ ಉಳಿಯುವುದು ತ್ರಿಕೋನ.

ಉದ್ದ ಬರಬೇಕಾದದ್ದು ಟೇಲ್‌ಗೇಟಿನಿಂದ, ಅಂದರೆ ಬಾಡಿಯ ಹಿಂದೆ ಕೆಳಕ್ಕೆ ಮಡಚುವ ಬಾಗಿಲಿನಿಂದ. ಟೇಲ್‌ಗೇಟಿನ ಎತ್ತರ ಬಾಡಿಯ ಗೋಡೆಯಷ್ಟೇ ಇರುವುದರಿಂದ ಅದನ್ನು ಕೆಳಗೆ ಮಲಗಿಸಿದಾಗ ಉದ್ದಕ್ಕೆ ಸುಮಾರು ಅರ್ಧ ಮೀಟರ್ ಸೇರಿಕೊಳ್ಳುತ್ತದೆ. 175 ಸೆಂ.ಮೀ. ಎತ್ತರದವರಿಗೆ ದಿಂಬಿಗೂ ಕಾಲ್ಬೆರಳಿಗೂ ಸೇರಿ 187ರಷ್ಟು ಉದ್ದ ಬೇಕು. ಅಂದರೆ ಹಲಗೆಯನ್ನು 40 ಸೆಂ.ಮೀ. ಮುಂದುವರಿಸಿದರೆ ಸಾಕು. ತಲೆ ಕ್ಯಾಬಿನ್ನಿನ ಕಡೆ, ಕಾಲು ಟೇಲ್‌ಗೇಟಿನ ಕಡೆ ಇರಲಿ. ಟೇಲ್‌ಗೇಟು ನಿಂತಿರುವುದು ಎರಡು ತಂತಿಗಳ ಮೇಲೆ; ಕಾಲಿನ ಭಾರಕ್ಕೆ ಅದು ಜಗ್ಗುವುದಿಲ್ಲ, ಆದರೆ ಇಬ್ಬರೂ ಒಟ್ಟಿಗೆ ಅದರ ಮೇಲೆ ಧೊಪ್ಪನೆ ಕೂರುವ ಅಭ್ಯಾಸ ಬೇಡ. ಕ್ಯಾನೊಪಿಯ ಹಿಂದಿನ ಗಾಜು ಮೇಲಕ್ಕೆ ತೆರೆಯುವುದರಿಂದ ಅದೇ ಸಣ್ಣ ಚಪ್ಪರವಾಗುತ್ತದೆ. ಗಾಜಿನ ಅಂಚಿನಿಂದ ಟೇಲ್‌ಗೇಟಿನ ಕೆಳಗಿನವರೆಗೆ ಇಳಿಬೀಳುವ ಒಂದು ಬಟ್ಟೆಯ ಮುಸುಕು ಹೊಲಿಸಿ, ಅದರಲ್ಲಿ ಸೊಳ್ಳೆಪರದೆಯ ಕಿಟಕಿ ಇಡಿಸಿ. ಮುಸುಕಿನ ಕೆಳ ಅಂಚು ಟೇಲ್‌ಗೇಟಿನ ಹೊರಗೆ ಇಳಿಯಬೇಕು. ಒಳಗೆ ಸಿಕ್ಕಿಸಿದರೆ ಬಟ್ಟೆಯ ಮೇಲೆ ಹರಿದ ಮಳೆನೀರು ನೇರವಾಗಿ ಹಾಸಿಗೆಗೆ ಬರುತ್ತದೆ.

ಈಗ ಡ್ರಾಯರಿನ ಮಾತಿಗೆ ಬರುತ್ತೇನೆ. ಕಾಲು ಟೇಲ್‌ಗೇಟಿನ ಮೇಲೆ ಚಾಚಿದ ಕ್ಷಣದಿಂದ ಅದರ ಕೆಳಗಿನ ಡ್ರಾಯರುಗಳು ಸತ್ತಂತೆಯೇ. ಹೊರಕ್ಕೆ ಎಳೆದರೂ ಮೇಲಿರುವ ಹಲಗೆಯಿಂದಾಗಿ ಅವುಗಳೊಳಗೆ ಕೈ ಹೋಗುವುದಿಲ್ಲ. ಚಿತ್ರಗಳಲ್ಲಿ ಡ್ರಾಯರ್ ಯಾವಾಗಲೂ ಅಂದವಾಗಿ ಹೊರಗೆ ಚಾಚಿಕೊಂಡಿರುತ್ತದೆ, ಹಾಸಿಗೆ ಅಂದವಾಗಿ ಮೇಲೆ ಹಾಸಿರುತ್ತದೆ, ಮಳೆಯಂತೂ ಬರುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಸ್ವೆಟರ್ ಬೇಕಾದಾಗ ಏನು ಮಾಡುತ್ತಾರೆ ಎಂದು ಆ ಚಿತ್ರ ಹೇಳುವುದಿಲ್ಲ. ನಿಮ್ಮ ತೊಂದರೆಯ ಮೂಲವೂ ಅಲ್ಲಿಯೇ ಇದೆ. ಡಬ್ಬವಾಗಲಿ ಡ್ರಾಯರಾಗಲಿ, ಜನ ಸಾಮಾನನ್ನು ಜಾತಿವಾರು ಜೋಡಿಸುತ್ತಾರೆ: ಬಟ್ಟೆ ಒಂದು ಕಡೆ, ಪಾತ್ರೆ ಒಂದು ಕಡೆ, ಉಪಕರಣ ಒಂದು ಕಡೆ. ಗಾಡಿಯಲ್ಲಿ ಜೋಡಿಸಬೇಕಾದದ್ದು ಹೊತ್ತುವಾರು. ಯಾವ ವಸ್ತು ಯಾವ ಹೊತ್ತಿಗೆ ಬೇಕು, ಆ ಹೊತ್ತಿನಲ್ಲಿ ನೀವು ಎಲ್ಲಿ ನಿಂತಿರುತ್ತೀರಿ ಅಥವಾ ಮಲಗಿರುತ್ತೀರಿ, ಆಗ ಯಾವ ಬಾಗಿಲು ತೆರೆದಿರುತ್ತದೆ ಎಂಬುದರ ಮೇಲೆ ಅದರ ಜಾಗ ನಿರ್ಧಾರವಾಗಬೇಕು. ರೇನ್‌ಕೋಟು ಬಟ್ಟೆಯ ಜಾತಿಗೆ ಸೇರಿದ್ದೇ ಆದರೂ ಅದರ ಮನೆ ಮುಂದಿನ ಸೀಟಿನ ಹಿಂಬದಿ.

ಅದನ್ನು ಹಂತಹಂತವಾಗಿ ನೋಡಿ. ಓಡಿಸುವಾಗ ಐದು ನಿಮಿಷ ನಿಲ್ಲಿಸಿದರೆ ಬೇಕಾಗುವುದು ಕುಡಿಯುವ ನೀರು, ರೇನ್‌ಕೋಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚ್, ಟೈರಿನ ಗಾಳಿ ನೋಡುವ ಗೇಜ್. ಇವೆಲ್ಲ ಕ್ಯಾಬಿನ್ನಿನಲ್ಲಿ ಕೈಗೆಟುಕುವಲ್ಲಿ ಇರಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೂಡ ಅಲ್ಲಿಯೇ, ಚಾಲಕರ ಬಾಗಿಲು ತೆರೆದೊಡನೆ ಕಾಣುವಂತೆ ಇರಲಿ. ಗಾಡಿ ಕೆಸರಿನಲ್ಲಿ ಹೂತಾಗ ಬೇಕಾಗುವ ಎಳೆಯುವ ಪಟ್ಟಿ, ಕೊಂಡಿ, ಸಲಿಕೆ ಇವನ್ನು ಟೇಲ್‌ಗೇಟಿಗೆ ಹತ್ತಿರ, ಪಕ್ಕದ ಸಂದಿಯಲ್ಲಿ ಇಡಿ. ಜ್ಯಾಕ್ ಮತ್ತು ಚಕ್ರದ ಪಾನಾ ಕೂಡ ಹಾಸಿಗೆ ಎತ್ತದೆ ಸಿಗಬೇಕು. ಪಂಕ್ಚರ್ ಆಗುವುದು ಸಾಮಾನ್ಯವಾಗಿ ಗಾಡಿ ಪೂರ್ತಿ ತುಂಬಿರುವಾಗಲೇ.

ತಂಗುವ ಜಾಗ ತಲುಪಿದ ಮೇಲಿನ ಮೊದಲ ಹತ್ತು ನಿಮಿಷ ಎಲ್ಲಕ್ಕಿಂತ ಮುಖ್ಯ. ಕತ್ತಲಾಗಿದೆ, ಹನಿ ಶುರುವಾಗಿದೆ, ಇಬ್ಬರಿಗೂ ಹಸಿವಾಗಿದೆ ಎಂದುಕೊಳ್ಳಿ. ಟೇಲ್‌ಗೇಟು ತೆರೆದಾಗ ಮೊದಲು ಕೈಗೆ ಸಿಗಬೇಕಾದದ್ದು ದೀಪ, ಆಮೇಲೆ ಚಕ್ರದಡಿ ಇಡುವ ಮರದ ತುಂಡು, ಚಪ್ಪರದ ಬಟ್ಟೆ, ಕುರ್ಚಿ. ಇವುಗಳ ಮೇಲೆ ಬೇರೇನೂ ಇರಬಾರದು. ಮಡಚುವ ಕುರ್ಚಿಗಳು ಹಾಸಿಗೆಯ ಮೇಲೆಯೇ ಪ್ರಯಾಣ ಮಾಡಲಿ, ಟೇಲ್‌ಗೇಟಿನ ಅಂಚಿನಲ್ಲಿ. ಹಾಸಿಗೆ ಕೊಳೆಯಾಗುತ್ತದೆ ಎನ್ನುವವರು ಅದರ ಮೇಲೊಂದು ಹಳೆಯ ಟಾರ್ಪಾಲಿನ್ ಹೊದಿಸಲಿ.

ಮೂರನೆಯದು ಅಡುಗೆಯ ಹೊತ್ತು. ಇದಕ್ಕೆ ಒಂದೇ ಡಬ್ಬ, ಅದೂ ಟೇಲ್‌ಗೇಟಿನ ಕಡೆಯದು. ಒಲೆ, ಲೈಟರ್, ಪಾತ್ರೆ, ಚಾಕು, ತಟ್ಟೆ, ಒರೆಸುವ ಬಟ್ಟೆ, ಅಂದಿನ ರಾತ್ರಿಯ ದಿನಸಿ ಎಲ್ಲವೂ ಅದರಲ್ಲೇ. ಉಳಿದ ದಿನಗಳ ದಿನಸಿ ಒಳಗಿನ ಡಬ್ಬಕ್ಕೆ ಹೋಗಲಿ, ಪ್ರತಿ ಬೆಳಿಗ್ಗೆ ಅಂದಿಗೆ ಬೇಕಾದಷ್ಟನ್ನು ಮುಂದಿನದಕ್ಕೆ ಸಾಗಿಸಿದರಾಯಿತು. ಡಬ್ಬವನ್ನು ಹೊರಗೆ ಎತ್ತಿ ಮೇಜಿನ ಮೇಲಿಟ್ಟುಕೊಂಡು ಅಡುಗೆ ಮುಗಿಸಿದರೆ, ಅಷ್ಟರಲ್ಲಿ ಇನ್ನೊಬ್ಬರು ಹಾಸಿಗೆಯನ್ನು ಪೂರ್ತಿ ಬಿಡಿಸಬಹುದು. ಜಾರುವ ಡ್ರಾಯರಿಗಿಂತ ಎತ್ತಿ ಒಯ್ಯುವ ಡಬ್ಬವನ್ನೇ ನಾನು ಹೇಳುವುದು ಈ ಒಂದು ಅನುಕೂಲಕ್ಕಾಗಿ. ಡ್ರಾಯರಿನಲ್ಲಿ ಅಡುಗೆಮನೆ ಇಟ್ಟರೆ ಅಡುಗೆ ಮುಗಿಯುವ ತನಕ ಹಾಸಿಗೆ ಕಾಯಬೇಕು.

ಕೊನೆಯದು ರಾತ್ರಿ. ಮಲಗಿದ ಮೇಲೆ ಬೇಕಾಗುವ ಯಾವ ವಸ್ತುವೂ ಹಾಸಿಗೆಯಡಿ ಇರಬಾರದು, ಒಂದೂ ಇರಬಾರದು. ಕ್ಯಾನೊಪಿಯ ಒಳಗೋಡೆಗೆ ತಲೆಯ ಹತ್ತಿರ ಜೇಬುಗಳಿರುವ ಬಟ್ಟೆಯ ಪಟ್ಟಿಯೊಂದನ್ನು ತೂಗುಹಾಕಿ. ತಲೆದೀಪ, ಕನ್ನಡಕ, ಮೊಬೈಲ್, ಔಷಧಿ, ನೀರಿನ ಬಾಟಲಿ, ಗಾಡಿಯ ಕೀಲಿ ಅದರಲ್ಲಿರಲಿ. ಕೀಲಿಗೆ ಒಂದೇ ಜೇಬು, ಪ್ರತಿ ರಾತ್ರಿ ಅದೇ ಜೇಬು, ಅದು ಇಬ್ಬರಿಗೂ ಗೊತ್ತಿರಬೇಕು. ಬೆಚ್ಚನೆಯ ಬಟ್ಟೆಯನ್ನು ಚೀಲವೊಂದಕ್ಕೆ ತುಂಬಿದರೆ ಅದೇ ದಿಂಬಾಗುತ್ತದೆ. ಪಾದರಕ್ಷೆಗೆ ಕಾಲಿನ ಕಡೆ, ಮುಸುಕಿನ ಒಳಗೆ ಒಂದು ಜೇಬು ಹೊಲಿಸಿ. ನೆಲದ ಮೇಲೆ ಬಿಟ್ಟ ಬೂಟಿನೊಳಗೆ ರಾತ್ರಿ ಯಾರು ಬಂದು ಮಲಗಿದ್ದಾರೋ ಹೇಳಲಾಗದು.

ಚೌಕಟ್ಟು ಕಟ್ಟುವ ಕ್ರಮ ಹೀಗೆ. ಉಬ್ಬುಗಳ ಒಳ ಅಂಚಿಗೆ ಒತ್ತಿಕೊಂಡು ಉದ್ದಕ್ಕೆ ಎರಡು ಗೋಡೆ, ನಟ್ಟನಡುವೆ ಇನ್ನೊಂದು. ಮೂರೂ 18 ಮಿ.ಮೀ. ಪ್ಲೈವುಡ್. ಮೇಲಿನ ಹಲಗೆಯೂ ಅದೇ ದಪ್ಪದ್ದಾದರೆ 55 ಸೆಂ.ಮೀ. ಅಂತರವನ್ನು ಬಗ್ಗದೆ ತಾಳಿಕೊಳ್ಳುತ್ತದೆ. 12 ಮಿ.ಮೀ. ಬಳಸಿ ತೂಕ ಉಳಿಸಬೇಕೆಂದರೆ ಅಡಿಯಲ್ಲಿ ಅಡ್ಡಪಟ್ಟಿಗಳನ್ನು ಹತ್ತಿರ ಹತ್ತಿರ ಕೊಡಬೇಕು. ಮೇಲ್ಹಲಗೆಯನ್ನು ಒಂದೇ ತುಂಡಾಗಿ ಮಾಡಬೇಡಿ. 50 ಸೆಂ.ಮೀ.ಗೆ ಒಂದರಂತೆ ಅಡ್ಡಡ್ಡ ಮೂರು ತುಂಡು ಮಾಡಿ, ಪ್ರತಿಯೊಂದಕ್ಕೂ ಬೆರಳು ಹೋಗುವ ಒಂದು ತೂತು ಕೊರೆಯಿರಿ. ಒಂದೊಂದು ತುಂಡು ಎಂಟು ಕೆ.ಜಿ. ಆಸುಪಾಸು ಬರುತ್ತದೆ, ಒಂದೇ ಕೈಯಲ್ಲಿ ಎತ್ತಬಹುದು. ಫೋಮ್ ಹಾಸಿಗೆಯನ್ನು ಮಡಿಕೆಯದ್ದಾಗಿಯೇ ಹೊಲಿಸಿ, ಮಡಿಕೆಗಳು ಹಲಗೆಯ ಸಂದಿಗೆ ಸರಿಯಾಗಿ ಬರಲಿ. ಆಗ ನಡುವಿನ ಡಬ್ಬಕ್ಕೆ ಕೈ ಹಾಕಲು ಹಾಸಿಗೆಯ ಒಂದು ಭಾಗ ಮಡಚಿ, ಒಂದು ಹಲಗೆ ಎತ್ತಿದರೆ ಮುಗಿಯಿತು, ಉಳಿದ ಹಾಸಿಗೆ ಹಾಸಿದಂತೆಯೇ ಇರುತ್ತದೆ.

ಟೇಲ್‌ಗೇಟಿನ ಮೇಲೆ ಚಾಚುವ 40 ಸೆಂ.ಮೀ. ಭಾಗಕ್ಕೆ ಕೀಲು ಹಾಕಿ, ಓಡಿಸುವಾಗ ಅದು ಹಿಂದಕ್ಕೆ ಮಡಚಿ ಹಲಗೆಯ ಮೇಲೆ ಕೂರುವಂತೆ ಮಾಡಿ. ಇದನ್ನು ಇಬ್ಬರಿಗೂ ಬೇರೆಬೇರೆಯಾಗಿ ಎರಡು ತುಂಡು ಮಾಡಿಸಿದರೆ ದೊಡ್ಡ ಉಪಕಾರವಾಗುತ್ತದೆ. ಬೆಳಗ್ಗೆ ಬೇಗ ಏಳುವವರು ತಮ್ಮ ಕಡೆಯದನ್ನು ಮಡಚಿ, ತಮ್ಮ ಸಾಲಿನ ಡಬ್ಬ ಎಳೆದು ಒಲೆ ಹಚ್ಚಬಹುದು, ಇನ್ನೊಬ್ಬರ ನಿದ್ದೆ ಕೆಡುವುದಿಲ್ಲ. ಈ ಚಾಚುವ ಭಾಗದ ಅಡಿಯ ಕಾಲುಗಳ ತುದಿಗೆ ತಿರುಗಿಸಿ ಎತ್ತರ ಹೊಂದಿಸುವ ಬೋಲ್ಟ್ ಇರಲಿ. ಟೇಲ್‌ಗೇಟಿನ ಒಳಮೈ ಬಾಡಿಯ ನೆಲಕ್ಕಿಂತ ಒಂದೆರಡು ಸೆಂ.ಮೀ. ಮೇಲೋ ಕೆಳಗೋ ಇರುವುದು ಸಾಮಾನ್ಯ. ಬಾಡಿಯೊಳಗೆ ಹೊದಿಸಿದ ಪ್ಲಾಸ್ಟಿಕ್ ಲೈನರ್ ಇದ್ದರೆ ಅದರ ಏಣುಗಳೂ ಸೇರಿ ಲೆಕ್ಕ ತಪ್ಪಿಸುತ್ತವೆ.

ನಡುಗೋಡೆ ಬಂದ ಮೇಲೆ ಕೆಳಗೆ ಸುಮಾರು 50 ಸೆಂ.ಮೀ. ಅಗಲದ ಎರಡು ಸಾಲು ಸಿಗುತ್ತವೆ. ಒಂದೊಂದರಲ್ಲಿ 70 ಸೆಂ.ಮೀ. ಉದ್ದದ ಎರಡು ಡಬ್ಬ, ಒಟ್ಟು ನಾಲ್ಕು. ಎತ್ತರ 24 ಇದ್ದರೆ ಒಂದೊಂದರಲ್ಲೂ 80 ಲೀಟರಿನಷ್ಟು ಜಾಗ. ಟೇಲ್‌ಗೇಟಿನ ಕಡೆಯ ಎರಡು ಎಳೆದರೆ ಬರುತ್ತವೆ. ಕ್ಯಾಬಿನ್ ಕಡೆಯ ಎರಡಕ್ಕೆ ಮೇಲಿನ ಹಲಗೆ ಎತ್ತಬೇಕು, ಆದ್ದರಿಂದ ಅಲ್ಲಿ ದಿನಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪಕ್ಕೆ ಬೇಕಾಗುವುದು ಮಾತ್ರ ಇರಲಿ. ತುಂಬಿದ ಡಬ್ಬ 20 ಕೆ.ಜಿ. ಮೀರದಂತೆ ನೋಡಿಕೊಳ್ಳಿ. ಮುಚ್ಚಳ ಬಿಗಿಯಾಗಿ ಕೂರುವಂಥದ್ದು, ಅಂಚಿಗೆ ರಬ್ಬರ್ ಇರುವಂಥದ್ದು ಒಳ್ಳೆಯದು. ಏಕೆ ಎಂದು ಧೂಳಿನ ಮಾತು ಬಂದಾಗ ಹೇಳುತ್ತೇನೆ. ಉಬ್ಬುಗಳ ಹಿಂದೆ ಮುಂದೆ, ಗೋಡೆಯ ಪಕ್ಕ ಉಳಿಯುವ ಹದಿನೈದು ಸೆಂ.ಮೀ. ಸಂದಿಗಳನ್ನು ಮರೆಯಬೇಡಿ. ಗೂಟ, ಹಗ್ಗ, ಸಲಿಕೆ ಇವಕ್ಕೆ ಅವು ಹೇಳಿ ಮಾಡಿಸಿದಂತಿವೆ.

ನಿಮ್ಮ ಗಾಡಿಯಲ್ಲಿ ಎಲ್ಲರೂ ಮರೆಯುವ ಒಂದು ಕೋಣೆ ಇದೆ: ಹಿಂದಿನ ಸೀಟು. ನೀವು ಇಬ್ಬರೇ ಹೋಗುವುದಾದರೆ ಅದು ಪೂರ್ತಿ ಖಾಲಿ. ಫ್ರಿಜ್ ಇದ್ದರೆ ಅದರ ಜಾಗ ಅಲ್ಲಿಯೇ. 40 ಲೀಟರಿನ ಫ್ರಿಜ್ ನಿಮ್ಮ ಹಲಗೆಯಡಿ ಹೇಗೂ ಹಿಡಿಯುವುದಿಲ್ಲ. ಬಟ್ಟೆಯ ಚೀಲಗಳೂ ಅಲ್ಲಿಯೇ ಇರಲಿ, ಮಳೆಯಲ್ಲೂ ಒಣಗಿದ ಜಾಗದಲ್ಲಿ ಕುಳಿತು ಬಟ್ಟೆ ತೆಗೆಯಬಹುದು. ಆದರೆ ಅಲ್ಲಿಟ್ಟ ಭಾರದ ವಸ್ತು ಜೋರಾಗಿ ಬ್ರೇಕ್ ಹಾಕಿದಾಗ ನಿಮ್ಮ ಕುತ್ತಿಗೆಯ ಕಡೆಗೇ ಬರುತ್ತದೆ. ಮಕ್ಕಳ ಸೀಟು ಬಿಗಿಯುವ ಕೊಂಡಿಗಳಿಗೆ ಪಟ್ಟಿ ಹಾಕಿ ಫ್ರಿಜ್ಜನ್ನು ಬಿಗಿಯಿರಿ. ಬಾಡಿಯಲ್ಲಿರುವ ಚೌಕಟ್ಟಿಗೂ ಇದೇ ನಿಯಮ. ಹಗ್ಗ ಕಟ್ಟಲು ಕಂಪನಿಯವರೇ ಕೊಟ್ಟಿರುವ ಬಳೆಗಳಿಗೆ ತಿರುಗಿಸಿ ಬಿಗಿಯುವ ಕೊಕ್ಕೆಯಿಂದ ಚೌಕಟ್ಟನ್ನು ಹಿಡಿಸಿದರೆ ನೆಲಕ್ಕೆ ತೂತು ಕೊರೆಯುವ ಅಗತ್ಯವೇ ಬೀಳುವುದಿಲ್ಲ. ಕೊರೆಯಲೇಬೇಕು ಎಂದರೆ ಮೊದಲು ಗಾಡಿಯ ಕೆಳಗೆ ಮಲಗಿ ಮೇಲೆ ನೋಡಿ. ಇಂಧನದ ಟ್ಯಾಂಕು, ಬ್ರೇಕಿನ ಕೊಳವೆ, ತಂತಿಗಳ ಕಟ್ಟು ಎಲ್ಲವೂ ಅಲ್ಲಿಯೇ ಹಾದುಹೋಗುತ್ತವೆ.

ತೂಕದ ಲೆಕ್ಕ ಹಾಕಿ ನೋಡಿದ್ದೀರಾ? ಚಾಲಕರ ಬಾಗಿಲ ಚೌಕಟ್ಟಿನಲ್ಲೋ ಮಾಲೀಕರ ಕೈಪಿಡಿಯಲ್ಲೋ ಗಾಡಿ ಹೊರಬಹುದಾದ ಒಟ್ಟು ತೂಕ ಬರೆದಿರುತ್ತದೆ. ಅದರಲ್ಲಿ ನೀವಿಬ್ಬರೂ ಸೇರಿದ್ದೀರಿ, ಕ್ಯಾನೊಪಿಯೂ ಸೇರಿದೆ. ಕ್ಯಾನೊಪಿ 70, ನೀವಿಬ್ಬರು 130, ಮೇಲೆ ಹೇಳಿದ ಪ್ಲೈವುಡ್ ಚೌಕಟ್ಟು 40, ತುಂಬಿದ ಡಬ್ಬಗಳು 80, ನಲವತ್ತು ಲೀಟರ್ ನೀರು 40, ಫ್ರಿಜ್ ಮತ್ತು ಬ್ಯಾಟರಿ 40: ಆಗಲೇ 400 ಕೆ.ಜಿ. ಸಿದ್ಧ ಉಕ್ಕಿನ ಡ್ರಾಯರ್ ಜೋಡಿ ಖಾಲಿಯಾಗಿದ್ದಾಗಲೇ 80ರಿಂದ 100 ಕೆ.ಜಿ. ತೂಗುವುದು ಸಾಮಾನ್ಯ. ಭಾರವಾದದ್ದು ಕೆಳಗೆ ಇರಬೇಕು, ಹಿಂದಿನ ಅಚ್ಚಿಗಿಂತ ಮುಂದೆ ಇರಬೇಕು. ನೀರಿನ ಕ್ಯಾನುಗಳಿಗೆ ಕ್ಯಾಬಿನ್ ಪಕ್ಕದ ಮೂಲೆಯೇ ಸರಿ, ನಲ್ಲಿಯನ್ನು ಕೊಳವೆಯಿಂದ ಟೇಲ್‌ಗೇಟಿನವರೆಗೆ ತಂದುಕೊಳ್ಳಬಹುದು. ತುಂಬಿದ ಗಾಡಿಗೆ ಹೇಳಿರುವಷ್ಟು ಗಾಳಿಯನ್ನು ಟೈರಿಗೆ ತುಂಬಿಸಿ, ಹೆಡ್‌ಲೈಟನ್ನು ಸ್ವಲ್ಪ ಕೆಳಗಿಳಿಸಿ. ಹಿಂಭಾಗ ಕುಸಿದಾಗ ನಿಮ್ಮ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಈಗ ಉಸಿರಿನ ವಿಚಾರ. ಇಬ್ಬರು ಒಂದು ರಾತ್ರಿ ಉಸಿರಿನಲ್ಲೂ ಚರ್ಮದಿಂದಲೂ ಹೊರಬಿಡುವ ನೀರು ಅರ್ಧ ಲೀಟರ್ ಆಸುಪಾಸು. ಕಿಟಕಿಗಳನ್ನೆಲ್ಲ ಮುಚ್ಚಿ ಮಲಗಿದರೆ ಅದಷ್ಟೂ ತಣ್ಣಗಿನ ಗಾಜಿಗೆ, ಲೋಹಕ್ಕೆ, ಚಾವಣಿಗೆ ಅಂಟಿಕೊಂಡು ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಚಳಿ ಎಂದು ಕಿಟಕಿ ಮುಚ್ಚಿದವರು ತೇವದಿಂದ ಇನ್ನಷ್ಟು ನಡುಗುತ್ತಾರೆ. ಎದುರುಬದುರು ಎರಡು ಕಿಂಡಿ ತೆರೆದಿರಲಿ, ಒಂದು ಎತ್ತರದಲ್ಲಿ, ಒಂದು ತಗ್ಗಿನಲ್ಲಿ. ಎರಡು ಬೆರಳಿನಷ್ಟು ತೆರೆದರೂ ಸಾಕು. ಕಿಟಕಿಗೆ ಸೊಳ್ಳೆಪರದೆಯನ್ನು ಅಯಸ್ಕಾಂತದಿಂದ ಅಂಟಿಸಬಹುದು ಎಂದು ಓದಿರುತ್ತೀರಿ. ನಿಮ್ಮದು ಫೈಬರ್, ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ, ವೆಲ್ಕ್ರೋ ಪಟ್ಟಿ ಬೇಕು. ಹಾಸಿಗೆಯ ಅಡಿಯಲ್ಲೂ ತೇವ ಸೇರುತ್ತದೆ. ಹಲಗೆಗೆ ಸಾಲಾಗಿ ರೂಪಾಯಿಯಗಲದ ತೂತುಗಳನ್ನು ಕೊರೆದು, ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಲಿಸಿದರೆ ಬೂಷ್ಟು ಹಿಡಿಯುವುದಿಲ್ಲ. ಎಂಟು ಸೆಂ.ಮೀ. ಗಟ್ಟಿ ಫೋಮ್ ಸಾಕು, ತಣ್ಣಗಿನ ಪ್ರದೇಶಕ್ಕೆ ಹೋಗುವಾಗ ಅದರಡಿ ನೀರು ಹೀರದ ತೆಳು ಫೋಮ್ ಚಾಪೆಯೊಂದನ್ನು ಸೇರಿಸಿ.

ಕ್ಯಾನೊಪಿಯೊಳಗೆ ಏನನ್ನೂ ಉರಿಸಬೇಡಿ. ಒಲೆ, ಇದ್ದಿಲು, ಗ್ಯಾಸ್ ಹೀಟರ್, ಸೀಮೆಎಣ್ಣೆ ದೀಪ ಯಾವುದೂ ಬೇಡ, ಐದು ನಿಮಿಷಕ್ಕೂ ಬೇಡ, ಕಿಟಕಿ ತೆರೆದಿದೆ ಎಂಬ ಸಮಾಧಾನವೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬೆಚ್ಚಗಿರಲೆಂದು ಎಂಜಿನ್ ಓಡಿಸಿಟ್ಟು ಮಲಗುವುದೂ ಇದೇ ಸಾಲಿಗೆ ಸೇರುತ್ತದೆ. ಹೊಗೆ ಕೊಳವೆ ನಿಮ್ಮ ಕಾಲಿನ ಪಕ್ಕದಲ್ಲೇ ಇದೆ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತಲೆಯ ಹತ್ತಿರ ಇಡಿ. ಅಡುಗೆಯ ಗ್ಯಾಸ್ ಸಿಲಿಂಡರ್ ರಾತ್ರಿ ಹೊರಗಿರಬೇಕು, ನೆಟ್ಟಗೆ ನಿಂತಿರಬೇಕು. ಆ ಅನಿಲ ಗಾಳಿಗಿಂತ ಭಾರ, ಪಿಕಪ್ಪಿನ ಬಾಡಿಯೋ ನಾಲ್ಕೂ ಕಡೆ ಮುಚ್ಚಿದ ತೊಟ್ಟಿ. ಸೋರಿದ್ದೆಲ್ಲ ಹಾಸಿಗೆಯಡಿ ಬಂದು ನಿಲ್ಲುತ್ತದೆ.

ಇನ್ನೊಂದು ಪರೀಕ್ಷೆಯನ್ನು ಈಗಲೇ ಮಾಡಿ. ಕ್ಯಾನೊಪಿಯೊಳಗೆ ಒಬ್ಬರು ಹೋಗಿ ಮಲಗಿ, ಹೊರಗಿನವರು ಟೇಲ್‌ಗೇಟನ್ನೂ ಹಿಂದಿನ ಗಾಜನ್ನೂ ಮುಚ್ಚಲಿ. ಒಳಗಿನಿಂದ ತೆರೆಯಲು ಬರುತ್ತದೆಯೇ? ಎಷ್ಟೋ ಕ್ಯಾನೊಪಿಗಳಲ್ಲಿ ಬರುವುದಿಲ್ಲ, ಹಿಡಿಕೆ ಹೊರಗೆ ಮಾತ್ರ ಇರುತ್ತದೆ. ಟೇಲ್‌ಗೇಟು ತೆರೆದೇ ಮಲಗುವ ನಿಮಗೆ ಇದು ಅನಗತ್ಯ ಎನಿಸಬಹುದು, ಆದರೆ ಬಿರುಗಾಳಿಯ ರಾತ್ರಿ ಎಲ್ಲವನ್ನೂ ಮುಚ್ಚಿ ಕಾಲು ಮಡಚಿ ಮಲಗುವ ಪ್ರಸಂಗ ಬಂದೇ ಬರುತ್ತದೆ. ಒಳಗಿನಿಂದ ಎಳೆಯುವ ಹಗ್ಗವನ್ನೋ ಹಿಡಿಕೆಯನ್ನೋ ಹಾಕಿಸದೆ ಒಂದು ರಾತ್ರಿಯೂ ಮಲಗಬೇಡಿ. ಪಕ್ಕದ ಕಿಟಕಿಯ ಗಾಜು ಮನುಷ್ಯ ಹೊರಬರುವಷ್ಟು ತೆರೆಯುವುದಾದರೆ ಎರಡನೆಯ ದಾರಿಯೂ ಇದ್ದಂತಾಯಿತು.

ಕರೆಂಟಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಫ್ರಿಜ್ ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವಂಥ ಪವರ್ ಬ್ಯಾಂಕ್ ಮತ್ತು ಚಾರ್ಜ್ ಮಾಡಬಹುದಾದ ದೀಪಗಳು ಸಾಕು. ಫ್ರಿಜ್ ಇದ್ದರೆ ಅದು ಹವೆಗೆ ತಕ್ಕಂತೆ ದಿನಕ್ಕೆ 300ರಿಂದ 500 ವ್ಯಾಟ್-ಅವರ್ ಕುಡಿಯುತ್ತದೆ. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1280 ವ್ಯಾಟ್-ಅವರ್ ಇರುವುದರಿಂದ ಎರಡು ದಿನ ನಿಶ್ಚಿಂತೆ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಇರಲಿ, ಆ ಬಗೆಯ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ. ಗಾಡಿಯ ಸ್ವಂತ ಬ್ಯಾಟರಿಯಿಂದ ರಾತ್ರಿಯಿಡೀ ಫ್ರಿಜ್ ನಡೆಸಿದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ನಿಲ್ಲುತ್ತದೆ.

ಧೂಳು. ಮಣ್ಣುರಸ್ತೆಯಲ್ಲಿ ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕುಗ್ಗಿ ಸುಳಿ ಏಳುತ್ತದೆ. ಆ ಸುಳಿಯ ಧೂಳು ಟೇಲ್‌ಗೇಟಿನ ಕೆಳಗಿನ ಸಂದಿಯಿಂದ ಒಳನುಗ್ಗಿ ಹಾಸಿಗೆ, ಬಟ್ಟೆ, ತಟ್ಟೆ ಒಂದನ್ನೂ ಬಿಡುವುದಿಲ್ಲ. ಟೇಲ್‌ಗೇಟಿನ ಸುತ್ತ, ಮುಖ್ಯವಾಗಿ ಕೀಲಿನ ಕಡೆಯ ಉದ್ದ ಸಂದಿಗೆ, ರಬ್ಬರ್ ಪಟ್ಟಿ ಅಂಟಿಸಿ. ಕ್ಯಾನೊಪಿಗೆ ಮುಂದಕ್ಕೆ ಮುಖಮಾಡಿದ ಕಿಂಡಿ ಇದ್ದರೆ ಓಡುವಾಗ ಅದನ್ನು ತೆರೆದಿಡಿ, ಒಳನುಗ್ಗುವ ಗಾಳಿ ಒಳಗಿನ ಒತ್ತಡವನ್ನು ಸ್ವಲ್ಪ ಹೆಚ್ಚಿಸಿ ಧೂಳನ್ನು ಹೊರಗೇ ತಡೆಯುತ್ತದೆ. ಬಾಡಿಯ ಮೂಲೆಗಳಲ್ಲಿ ನೀರು ಹರಿದುಹೋಗಲೆಂದು ಇರುವ ಸಣ್ಣ ತೂತುಗಳನ್ನು ಮಾತ್ರ ಧೂಳಿನ ಸಿಟ್ಟಿನಲ್ಲಿ ಮುಚ್ಚಿಬಿಡಬೇಡಿ. ಒದ್ದೆ ಬಟ್ಟೆ, ಕೆಸರಿನ ಬೂಟು, ಕಸ ಇವಕ್ಕೆ ಹಲಗೆಯ ಮೇಲೆ ಜಾಗವೇ ಇಲ್ಲ ಎಂದುಕೊಳ್ಳಿ. ಟೇಲ್‌ಗೇಟಿನ ಹೊರಗೆ ಅಥವಾ ಕ್ಯಾನೊಪಿಯ ಮೇಲಿನ ಕಂಬಿಗೆ ಕಟ್ಟುವ ಗಟ್ಟಿ ಚೀಲವೊಂದು ಅವುಗಳ ಪಾಲಿಗೆ ಇರಲಿ.

ಪ್ಲೈವುಡ್ ಕತ್ತರಿಸುವ ಮುನ್ನ ದಪ್ಪ ರಟ್ಟಿನಲ್ಲಿ ಇದೆಲ್ಲವನ್ನೂ ಒಮ್ಮೆ ಮಾಡಿ ನೋಡಿ. 28 ಸೆಂ.ಮೀ. ಎತ್ತರಕ್ಕೆ ಇಟ್ಟಿಗೆಯನ್ನೋ ಪುಸ್ತಕವನ್ನೋ ಪೇರಿಸಿ, ಹಾಸಿಗೆ ಹಾಕಿ, ಇಬ್ಬರೂ ಮಲಗಿ, ಒಬ್ಬರು ಮಧ್ಯರಾತ್ರಿ ಎದ್ದು ಹೊರಹೋಗುವುದನ್ನು ಅಭಿನಯಿಸಿ. ಮೊಣಕೈ ಎಲ್ಲಿ ತಾಗುತ್ತದೆ, ಯಾರ ಮೇಲೆ ಯಾರು ಹಾಯಬೇಕಾಗುತ್ತದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಇಷ್ಟಾದ ಮೇಲೂ ಇಬ್ಬರಿಗೂ ಉಸಿರುಗಟ್ಟಿದಂತೆ ಆದರೆ ಬಾಡಿಯನ್ನು ಪೂರ್ತಿ ಸಾಮಾನಿಗೆ ಬಿಟ್ಟುಕೊಟ್ಟು ಈಗಿನಂತೆ ನೆಲದ ಮೇಲೆ ಡೇರೆ ಹಾಕಿ ಮಲಗಿ, ಅದರಲ್ಲಿ ಸೋಲೇನೂ ಇಲ್ಲ. ಆಗ 45 ಸೆಂ.ಮೀ. ಡ್ರಾಯರಿಗೂ ನನ್ನ ತಕರಾರಿಲ್ಲ. ಛಾವಣಿಯ ಮೇಲಿನ ಡೇರೆಯನ್ನು ಯೋಚಿಸುವುದಾದರೆ, ಓಡುವಾಗ ಕ್ಯಾನೊಪಿ ಎಷ್ಟು ಭಾರ ತಾಳುತ್ತದೆ ಎಂಬ ಅಂಕಿಯನ್ನು ತಯಾರಕರಿಂದ ಕೇಳಿ ಪಡೆಯಿರಿ. ನಿಂತಾಗ ತಾಳುವ ಭಾರದ ಅಂಕಿ ಬೇರೆ, ಅದು ಯಾವಾಗಲೂ ಇದಕ್ಕಿಂತ ದೊಡ್ಡದಾಗಿ ಬರೆದಿರುತ್ತದೆ.

ಚೌಕಟ್ಟು ಮುಗಿದು ಮೊದಲ ಬಾರಿ ಕೆಟ್ಟ ರಸ್ತೆಗೆ ಇಳಿದ ದಿನ, ಒಂದು ಗಂಟೆ ಓಡಿಸಿದ ಮೇಲೆ ಗಾಡಿ ನಿಲ್ಲಿಸಿ ಎಲ್ಲ ಕೊಕ್ಕೆ ಮತ್ತು ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ಹೊಸ ಪ್ಲೈವುಡ್ ಬೋಲ್ಟಿನ ಒತ್ತಡಕ್ಕೆ ಸ್ವಲ್ಪ ತಗ್ಗುತ್ತದೆ, ಹಾಗಾಗಿ ಮೊದಲ ದಿನವೇ ಅವು ಸಡಿಲವಾಗುವುದು ಸಹಜ. ಕ್ಯಾನೊಪಿಯನ್ನು ಬಾಡಿಯ ಅಂಚಿಗೆ ಹಿಡಿದಿರುವ ಕ್ಲ್ಯಾಂಪುಗಳನ್ನೂ ಅದೇ ಸುತ್ತಿನಲ್ಲಿ ನೋಡಿ. ಸಡಿಲದ ಬೋಲ್ಟಿಗೆ ಒಳಗೆ ನೈಲಾನ್ ಬಳೆಯಿರುವ ನಟ್ ಹಾಕಿದರೆ ಮತ್ತೆ ಮತ್ತೆ ಬಿಗಿಯುವ ಕೆಲಸ ತಪ್ಪುತ್ತದೆ.